ಇಂಜಿನ್ನಿನ ಮೂಗಿಗೆ ಕಟ್ಟಿದ ಜರಡಿ

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲೂಕಿನ ಮಂಗಸೂಳಿ ಎಂದೊಡನೆ ನೆನಪಾಗುವುದು ಖಂಡೋಬ. ಕನ್ನಡಿಗರ ಮೈಲಾರ, ಮಲ್ಲಯ್ಯನೂ ಅವನೇ. ಈ ದೇವರ ಕ್ಷೇತ್ರಗಳಲ್ಲಿ ಭಕ್ತರು ಅರಿಸಿನದ ಭಂಡಾರವನ್ನು ಗಾಳಿಗೆ ತೂರುತ್ತಾರೆ. ಊರಿನ ಸುತ್ತ ಇರುವುದು ಕೃಷ್ಣಾ ಬಯಲಿನ ಎರೆಭೂಮಿ, ಕಬ್ಬಿನ ಸೀಮೆ. ಹತ್ತಿರದ ಉಗಾರದ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದದ್ದು 1939ರಲ್ಲಿ. ಕಬ್ಬು ನುರಿಸುವ ಹಂಗಾಮು ಬಂತೆಂದರೆ ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಕಾರು, ಜೀಪುಗಳು ಧೂಳಿನ ಮೋಡದಲ್ಲೇ ಸಾಗಬೇಕು.

ಇಂಥ ಸೀಮೆಯಲ್ಲಿ ಕಾರಿನ ಆಯುಷ್ಯ ನಿಂತಿರುವುದು ಬಾನೆಟ್ಟಿನ ಕೆಳಗಿನ ಡಬ್ಬಿಯೊಂದರಲ್ಲಿ ಕುಳಿತ ಏರ್ ಫಿಲ್ಟರ್ ಮೇಲೆ. ‘ಹೆಚ್ಚು ಗಾಳಿ ಬಿಡುತ್ತದೆ, ಪಿಕಪ್ ಹೆಚ್ಚುತ್ತದೆ’ ಎಂದು ಹೇಳಿ ಮಾರುವ ಫಿಲ್ಟರುಗಳೂ ಅಂಗಡಿಗಳಲ್ಲಿವೆ. ಅವನ್ನು ಹಾಕಿಸುವುದು ಲಾಭವೋ ನಷ್ಟವೋ? ಈ ಪ್ರಶ್ನೆಗೆ ಫಿಲ್ಟರಿನ ಇತಿಹಾಸವೇ ಉತ್ತರ ಹೇಳುತ್ತದೆ.

ಒಂದು ಲೀಟರಿಗೆ ಒಂಬತ್ತು ಸಾವಿರ

ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಅಷ್ಟು ಗಾಳಿಯೊಡನೆ ಮಣ್ಣಿನ ಕಣಗಳೂ ಒಳಹೋಗುತ್ತವೆ. ಪಿಸ್ಟನ್ ಉಂಗುರ ಮತ್ತು ಸಿಲಿಂಡರಿನ ಗೋಡೆಯ ನಡುವಿನ ಎಣ್ಣೆಯ ಪದರ ಕೆಲವೇ ಮೈಕ್ರಾನ್ ದಪ್ಪ. ಮಣ್ಣಿನಲ್ಲಿರುವ ಸಿಲಿಕಾ ಕಣ ಅಲ್ಲಿ ಸಿಕ್ಕಿಕೊಂಡರೆ ಸಾಣೆಕಲ್ಲಿನಂತೆ ಲೋಹವನ್ನು ಉಜ್ಜುತ್ತದೆ. ಕ್ರಮೇಣ ಇಂಜಿನ್ ಎಣ್ಣೆ ಕುಡಿಯತೊಡಗುತ್ತದೆ, ಹೊಗೆ ಕಾರುತ್ತದೆ, ಕೊನೆಗೆ ರೀಬೋರ್ ಖರ್ಚು ಬರುತ್ತದೆ.

ಎಲ್ಲ ಧೂಳೂ ಒಂದೇ ಬಗೆಯದಲ್ಲ. ಭಂಡಾರದ ಅರಿಸಿನ, ಕಬ್ಬಿನ ರವದಿಯ ಪುಡಿ ಮೆತ್ತಗಿನವು. ಅವು ಫಿಲ್ಟರಿನ ಕಣ್ಣು ಮುಚ್ಚಿಸುತ್ತವೆಯೇ ಹೊರತು ಲೋಹವನ್ನು ಅಷ್ಟಾಗಿ ಸವೆಸವು. ರಸ್ತೆಯ ಮಣ್ಣು ಹಾಗಲ್ಲ. ಅದು ಕಣ್ಣನ್ನೂ ಮುಚ್ಚುತ್ತದೆ, ನುಸುಳಿದರೆ ಇಂಜಿನ್ನನ್ನೂ ತಿನ್ನುತ್ತದೆ.

ಹೊಲದಿಂದ ಬಂದ ಉಪಾಯ

ಮೊದಮೊದಲ ಮೋಟಾರು ಬಂಡಿಗಳಿಗೆ ಫಿಲ್ಟರೇ ಇರಲಿಲ್ಲ. ಅದರ ಅಗತ್ಯ ಎದ್ದು ಕಂಡದ್ದು ಹೊಲದಲ್ಲಿ. ಅಮೆರಿಕದ ಬುಲ್ ಟ್ರ್ಯಾಕ್ಟರ್ ಕಂಪನಿಯ ಮಾರಾಟಗಾರನಾಗಿದ್ದ ಫ್ರಾಂಕ್ ಡೊನಾಲ್ಡ್‌ಸನ್, ತಾನು ಮಾರಿದ ಟ್ರ್ಯಾಕ್ಟರಿನ ಇಂಜಿನ್ ಧೂಳಿನಿಂದ ಹಾಳಾದುದನ್ನು ಕಂಡು ರೈತನಿಗೆ ಸರಳ ಶೋಧಕವೊಂದನ್ನು ಮಾಡಿಕೊಟ್ಟ. 1915ರಲ್ಲಿ ಅದನ್ನೇ ಉದ್ಯಮವಾಗಿಸಿದ. ಆ ಕಾಲದ ಕೆಲವು ಟ್ರ್ಯಾಕ್ಟರುಗಳಲ್ಲಿ ಗಾಳಿಯನ್ನು ನೀರಿನ ಮೂಲಕ ಹಾಯಿಸಿ ತೊಳೆಯುತ್ತಿದ್ದರು. ಮುಂದೆ ನೀರಿನ ಜಾಗಕ್ಕೆ ಎಣ್ಣೆ ಬಂದು ‘ಆಯಿಲ್ ಬಾತ್’ ಶೋಧಕವಾಯಿತು. ಗಾಳಿ ಎಣ್ಣೆಯ ಮೇಲೆ ಬಡಿದು ಥಟ್ಟನೆ ಮೇಲಕ್ಕೆ ತಿರುಗುತ್ತದೆ. ಭಾರದ ಧೂಳು ತಿರುಗಲಾರದೆ ಎಣ್ಣೆಯಲ್ಲಿ ಮುಳುಗುತ್ತದೆ. ಉಳಿದದ್ದು ಮೇಲಿನ ತಂತಿಜಾಲಕ್ಕೆ ಅಂಟುತ್ತದೆ.

ಕೃಷ್ಣಾ ತೀರದ ರೈತರಿಗೆ ಇಂಜಿನ್ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರದಿಂದ ಆರಂಭಿಸಿ ಕಬ್ಬಿಣದ ನೇಗಿಲು ತಯಾರಿಸಿದವರು. 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅವರ ಮನೆತನದ ಆಯಿಲ್ ಇಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಯಿತು. ಪಂಪಿನ ಇಂಜಿನ್, ಜೀಪು, ಟ್ರ್ಯಾಕ್ಟರುಗಳ ಕಾಲದಲ್ಲಿ ಈ ಭಾಗದ ಮೆಕ್ಯಾನಿಕ್‌ಗಳು ಬಟ್ಟಲಿನ ಕೆಸರೆಣ್ಣೆ ಚೆಲ್ಲಿ ಹೊಸದು ತುಂಬುವುದನ್ನು ಕಲಿತರು. ಆಯಿಲ್ ಬಾತಿಗೆ ಒಂದು ಕೊರತೆಯೂ ಇತ್ತು. ಗಾಳಿಯ ವೇಗ ಕಡಿಮೆಯಾದಾಗ, ಅಂದರೆ ಇಂಜಿನ್ ನಿಧಾನವಾಗಿ ಓಡುವಾಗ, ನುಣ್ಣನೆಯ ಧೂಳು ಅದರಿಂದ ತಪ್ಪಿಸಿಕೊಳ್ಳುತ್ತಿತ್ತು.

ವಿಮಾನ ಕಲಿಸಿದ ಪಾಠ

ಗಾಳಿ ಹೆಚ್ಚು ಬೇಕೋ, ಶುದ್ಧ ಬೇಕೋ ಎಂಬ ಜಗಳ ತೀವ್ರವಾದದ್ದು ಎರಡನೇ ಮಹಾಯುದ್ಧದಲ್ಲಿ. ಉತ್ತರ ಆಫ್ರಿಕಾದ ಮರಳುಗಾಡಿಗೆ ಹೋದ ಬ್ರಿಟಿಷರ ಸ್ಪಿಟ್‌ಫೈರ್ ವಿಮಾನಗಳ ಮೂತಿಯ ಕೆಳಗೆ ವೋಕ್ಸ್ ಎಂಬ ದಪ್ಪ ಫಿಲ್ಟರ್ ಕೂಡಿಸಿದರು. ಇಂಜಿನ್ ಉಳಿಯಿತು, ಆದರೆ ವೇಗ ತಗ್ಗಿತು. ವೈರಿಯ ವಿಮಾನದೆದುರು ಇದು ಪ್ರಾಣದ ಪ್ರಶ್ನೆ. ಆಗ ಈಜಿಪ್ಟಿನ ಅಬೂಕಿರ್ ಡಿಪೋದ ತಂತ್ರಜ್ಞರು ಫಿಲ್ಟರನ್ನು ಕಿತ್ತೆಸೆಯಲಿಲ್ಲ. ಚಿಕ್ಕದಾದ, ಗಾಳಿಯನ್ನು ಕಡಿಮೆ ತಡೆಯುವ ಬೇರೊಂದನ್ನು ರೂಪಿಸಿದರು.

ಕಾಗದದ ಫಿಲ್ಟರ್ ಇದೇ ಹಾದಿಯಲ್ಲಿ ಬಂದದ್ದು. ರಾಳ ಲೇಪಿಸಿದ ಕಾಗದವನ್ನು ಬೀಸಣಿಗೆಯಂತೆ ಮಡಿಸಿದರೆ ಅಂಗೈಯಗಲದ ಚೌಕಟ್ಟಿನಲ್ಲಿ ಅದರ ಹಲವು ಪಟ್ಟು ಮೇಲ್ಮೈ ಸಿಗುತ್ತದೆ. ಹೆಚ್ಚು ಗಾಳಿ ಬೇಕಾದರೆ ಜರಡಿಯ ಕಣ್ಣು ದೊಡ್ಡದಾಗಬೇಕಿಲ್ಲ, ಜರಡಿಯೇ ದೊಡ್ಡದಾದರೆ ಸಾಕು ಎಂಬುದು ಇದರ ಗುಟ್ಟು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿನೊಡನೆ ಈ ಒಣ ಕಾಗದ ನಮ್ಮ ಸಾಮಾನ್ಯ ಸಂಸಾರಗಳಿಗೂ ಪರಿಚಯವಾಯಿತು.

ಎಣ್ಣೆ ಸವರಿದ ಹತ್ತಿಯ ಫಿಲ್ಟರಿಗೆ ಹೆಸರಾದದ್ದು ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಆರಂಭವಾದ ಕೆ ಅಂಡ್ ಎನ್. ಇಂಥವು ಗಾಳಿಯನ್ನು ಕಡಿಮೆ ತಡೆಯುತ್ತವೆ, ತೊಳೆದು ಮತ್ತೆ ಬಳಸಬಹುದು. ರೇಸಿನಲ್ಲಿ ಇದಕ್ಕೆ ಬೆಲೆಯಿದೆ. ಅಲ್ಲಿ ಇಂಜಿನ್ನನ್ನು ಆಗಾಗ ಬಿಚ್ಚಿ ಕಟ್ಟುತ್ತಾರೆ. ಆದರೆ ಮಂಗಸೂಳಿಯಿಂದ ಮೀರಜಿಗೆ ಹೋಗಿಬರುವ ಪೆಟ್ರೋಲ್ ಕಾರು ಪೂರ್ತಿ ಆಕ್ಸಿಲರೇಟರ್ ಒತ್ತಿ ಓಡುವುದು ಅಪರೂಪ. ಅರ್ಧ ಒತ್ತಿದಾಗ ಗಾಳಿಯನ್ನು ತಡೆಯುವುದು ಮುಖ್ಯವಾಗಿ ಥ್ರಾಟಲ್ ಕವಾಟ, ಫಿಲ್ಟರ್ ಅಲ್ಲ. ಮೇಲಾಗಿ, ಎಣ್ಣೆ ಅತಿಯಾದರೆ ಗಾಳಿ ಅಳೆಯುವ ಸೆನ್ಸರಿಗೆ ಅಂಟುವ ಅಪಾಯವಿದೆ.

ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫಿಲ್ಟರ್ ಕಟ್ಟಿಕೊಂಡರೂ ಇಂದಿನ ಇಂಜೆಕ್ಷನ್ ಕಾರುಗಳ ಮೈಲೇಜು ಹೆಚ್ಚೇನೂ ತಗ್ಗುವುದಿಲ್ಲ. ತಗ್ಗುವುದು ಪಿಕಪ್. ಅಂದಮೇಲೆ ಪಿಕಪ್ ಕುಂದಿದಾಗ ಮೊದಲು ಬೇಕಾದದ್ದು ದುಬಾರಿ ಫಿಲ್ಟರ್ ಅಲ್ಲ, ಶುಚಿಯಾದ ಫಿಲ್ಟರ್.

ಆಯ್ಕೆ ಹೇಗೆ?

ಮೂಗು ಹಿಡಿದರೆ ಬಾಯಿ ತೆರೆಯುತ್ತದೆ ಎಂಬ ಗಾದೆ ಇಂಜಿನ್ನಿಗೂ ಸಲ್ಲುತ್ತದೆ. ಫಿಲ್ಟರ್ ಕಟ್ಟಿಕೊಂಡಷ್ಟೂ ಒಳಗಿನ ಸೆಳೆತ ಹೆಚ್ಚಿ, ಡಬ್ಬಿಯ ಸಂದಿಯಿಂದಲೋ ಹರಿದ ಕೊಳವೆಯಿಂದಲೋ ಸೋಸದ ಗಾಳಿ ನುಗ್ಗುತ್ತದೆ. ಆದ್ದರಿಂದ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಅಳತೆ ಮತ್ತು ಅಂಚಿನ ರಬ್ಬರ್. ಕಾರು ತಯಾರಕರು ಸೂಚಿಸಿದ ಮಾದರಿಯೇ ಇರಲಿ, ಮಡಿಕೆಗಳು ಒತ್ತಾಗಿ ಸಮನಾಗಿರಲಿ. ಕೈಪಿಡಿ ಹೇಳುವ ಅವಧಿ ಸಾಮಾನ್ಯ ರಸ್ತೆಯದು. ಕಬ್ಬಿನ ಹಂಗಾಮಿನಲ್ಲಿ ಅದಕ್ಕಿಂತ ಮೊದಲೇ ಬಿಚ್ಚಿ ನೋಡುವುದು ಲೇಸು. ಕಾಗದದ ಫಿಲ್ಟರನ್ನು ತೊಳೆಯಬಾರದು. ಗ್ಯಾರೇಜಿನ ಜೋರಾದ ಗಾಳಿ ಹೊಡೆಸಿದರೆ ಕಣ್ಣಿಗೆ ಕಾಣದ ಹರುಕು ಬೀಳುತ್ತದೆ. ಬದಲಿಸಿದ ಮೇಲೆ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ಕೊಳವೆಯ ಒಳಗೆ ಬೆರಳಾಡಿಸಿ ನೋಡಬೇಕು. ಬೆರಳಿಗೆ ಮಣ್ಣು ಹತ್ತಿದರೆ ಎಲ್ಲೋ ಸೋರಿಕೆಯಿದೆ ಎಂದರ್ಥ. ಅದನ್ನು ಮುಚ್ಚದ ಹೊರತು ಎಂಥ ಫಿಲ್ಟರ್ ಹಾಕಿದರೂ ಉಪಯೋಗವಿಲ್ಲ.