ಪತ್ರದ ವಾಚ್ಯಾರ್ಥ

ಕಾವ್ಯವನ್ನು ಓದುವ ಕ್ರಮ ಬೇರೆ, ಕಚೇರಿಯ ಕಾಗದವನ್ನು ಓದುವ ಕ್ರಮ ಬೇರೆ. ಕಾವ್ಯದಲ್ಲಿ ಶಬ್ದ ಹೇಳಿದ್ದಕ್ಕಿಂತ ಹೇಳದೆ ಸೂಚಿಸಿದ್ದು ದೊಡ್ಡದು. ವಾಚ್ಯಾರ್ಥಕ್ಕಿಂತ ವ್ಯಂಗ್ಯಾರ್ಥ ಮೇಲು. ಆನಂದವರ್ಧನನ ಈ ಪಾಠವನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಬದುಕಿನಲ್ಲಿ ಕೆಲವು ಕಾಗದಗಳುಂಟು. ಅವುಗಳ ಮುಂದೆ ಈ ಪಾಠವನ್ನು ತಲೆಕೆಳಗು ಮಾಡಿಕೊಳ್ಳಬೇಕಾಗುತ್ತದೆ. ವೈದ್ಯಕೀಯ ಕಾಲೇಜುಗಳು ಅರ್ಜಿದಾರರಿಗೆ ಬರೆದ ಪತ್ರಗಳು ಅಂಥವು. ಕೇಳುಗರೇ, ಇಂದು ನಾನು ಹೇಳಲಿರುವುದು ಹತ್ತೊಂಬತ್ತನೆಯ ಶತಮಾನದಲ್ಲಿ ಮೂವರು ಹೆಣ್ಣುಮಕ್ಕಳಿಗೆ ಬಂದ ಇಂಥ ಉತ್ತರಗಳ ಕಥೆಯನ್ನು, ಅವನ್ನು ಅವರು ಓದಿದ ರೀತಿಯನ್ನು.

ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ ವೈದ್ಯಕೀಯ ಸೀಟಿಗೆ ಅರ್ಜಿ ಹಾಕಿದ ಹುಡುಗ ಹುಡುಗಿಯರು, ಬಂದ ಉತ್ತರವನ್ನು ಹಿಡಿದುಕೊಂಡು ನಮ್ಮ ಕೊಠಡಿಗೆ ಬರುವುದಿತ್ತು. ಅವರ ಪ್ರಶ್ನೆ ಒಂದೇ: “ಸಾರ್, ಇದು ಹೌದೋ, ಅಲ್ಲವೋ?” ಕಾಗದದ ಇಂಗ್ಲಿಷು ಕಷ್ಟದ್ದಲ್ಲ, ಅದರ ಮನಸ್ಸು ಕಷ್ಟದ್ದು. ಆಗ ನಾನು ಹೇಳಿದ ಒಂದು ಉತ್ತರದ ಪ್ರಸಂಗಕ್ಕೆ ಕಡೆಯಲ್ಲಿ ಬರುತ್ತೇನೆ.

ಮೊದಲನೆಯ ಪತ್ರ 1847ನೆಯ ಇಸವಿಯದು. ಎಲಿಜಬೆತ್ ಬ್ಲ್ಯಾಕ್‌ವೆಲ್ ಎಂಬಾಕೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1821ರಲ್ಲಿ ಹುಟ್ಟಿ, ಹನ್ನೊಂದರ ವಯಸ್ಸಿನಲ್ಲಿ ಮನೆಯವರೊಡನೆ ಅಮೆರಿಕಕ್ಕೆ ಹೋದವಳು. ತಂದೆ ತೀರಿಕೊಂಡ ಮೇಲೆ ಪಾಠ ಹೇಳಿ ಬದುಕಿದಳು. ಮರಣಶಯ್ಯೆಯಲ್ಲಿದ್ದ ಗೆಳತಿಯೊಬ್ಬಳು, ತನ್ನನ್ನು ಹೆಂಗಸೊಬ್ಬಳು ನೋಡಿಕೊಂಡಿದ್ದರೆ ತನ್ನ ಸಂಕಟದಲ್ಲಿ ಬಹುಪಾಲು ತಪ್ಪುತ್ತಿತ್ತು ಎಂದು ಹೇಳಿದ ಮಾತು ಆಕೆಯ ಮನಸ್ಸಿನಲ್ಲಿ ನಾಟಿತು. ಹಣ ಕೂಡಿಸಿ, ವೈದ್ಯರ ಮನೆಗಳಲ್ಲಿದ್ದು ಅವರ ಪುಸ್ತಕಗಳನ್ನು ಓದಿ, ಕಡೆಗೆ ಫಿಲಡೆಲ್ಫಿಯ ನಗರಕ್ಕೆ ಬಂದಳು. ಅಲ್ಲಿಯ ಮತ್ತು ನ್ಯೂಯಾರ್ಕಿನ ದೊಡ್ಡ ಕಾಲೇಜುಗಳೆಲ್ಲ ಬಾಗಿಲು ಹಾಕಿದವು. ಪ್ಯಾರಿಸ್ಸಿಗೆ ಹೋಗಿ ಗಂಡುವೇಷ ಹಾಕಿಕೊಂಡು ಕಲಿಯಬಹುದೆಂದು ಹಿತೈಷಿಗಳೇ ಸಲಹೆಯಿತ್ತರು. ಒಬ್ಬ ಮುಖ್ಯಸ್ಥರಂತೂ, ನಾಳೆ ತಮಗೇ ಪ್ರತಿಸ್ಪರ್ಧಿಯಾಗುವವರ ಕೈಗೆ ತಾವೇ ದೊಣ್ಣೆ ಕೊಡುವುದೆಂತು ಎಂಬರ್ಥದಲ್ಲಿ ಮಾತಾಡಿದರಂತೆ. ನಿರಾಕರಣೆಗಳ ಆ ರಾಶಿಯಲ್ಲಿ ಪ್ರಾಮಾಣಿಕವಾದದ್ದು ಬಹುಶಃ ಇದೊಂದೇ.

ಆಕೆ ಎದೆಗೆಡಲಿಲ್ಲ. ಸಣ್ಣ ಊರುಗಳ ಕಾಲೇಜುಗಳ ಪಟ್ಟಿ ಮಾಡಿ, ಹನ್ನೆರಡು ಕಡೆಗೆ ಅರ್ಜಿ ಕಳುಹಿಸಿದಳು. ಅವುಗಳಲ್ಲಿ ಒಂದು ನ್ಯೂಯಾರ್ಕ್ ಸಂಸ್ಥಾನದ ಜಿನೀವಾ ಎಂಬ ಊರಿನದು. ಸ್ವಿಟ್ಜರ್ಲೆಂಡಿನ ಜಿನೀವಾ ಅಲ್ಲ. ಅಲ್ಲಿಯ ಪ್ರಾಧ್ಯಾಪಕರಿಗೆ ಧರ್ಮಸಂಕಟವಾಯಿತು. ಅರ್ಜಿಯ ಜೊತೆಗೆ ಫಿಲಡೆಲ್ಫಿಯದ ಗಣ್ಯ ವೈದ್ಯರೊಬ್ಬರ ಶಿಫಾರಸು ಇತ್ತು. ಹೆಣ್ಣನ್ನು ಸೇರಿಸಿಕೊಳ್ಳುವ ಮನಸ್ಸಿಲ್ಲ, ಗಣ್ಯರ ಮನಸ್ಸು ನೋಯಿಸುವ ಧೈರ್ಯವೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದ್ದರಿಂದ ಅವರು ವಿಷಯವನ್ನು ವಿದ್ಯಾರ್ಥಿಗಳ ಮುಂದಿಟ್ಟರು. ಒಬ್ಬನೇ ಒಬ್ಬ ಬೇಡವೆಂದರೂ ಅರ್ಜಿ ಬಿದ್ದುಹೋಗುವುದೆಂದು ಕರಾರು. ಅಷ್ಟೊಂದು ತರುಣರಲ್ಲಿ ಒಬ್ಬನಾದರೂ ಬೇಡವೆನ್ನದೆ ಇರುತ್ತಾನೆಯೇ? ಹೀಗೆಂದು ಅವರ ಲೆಕ್ಕ.

ಅಂದು ಆ ತರಗತಿಯಲ್ಲಿದ್ದು ಮುಂದೆ ಸಾರ್ವಜನಿಕ ಆರೋಗ್ಯಕ್ಷೇತ್ರದಲ್ಲಿ ಹೆಸರಾದ ಸ್ಟೀಫನ್ ಸ್ಮಿತ್ ಎಂಬವರು ಎಷ್ಟೋ ವರ್ಷಗಳ ಮೇಲೆ ಆ ಸಂಜೆಯ ಸಭೆಯನ್ನು ನೆನೆದು ಬರೆದಿದ್ದಾರೆ. ಹುಡುಗರು ಇದನ್ನು ಒಂದು ತಮಾಷೆಯೆಂದೇ ಬಗೆದರು. ಪ್ರತಿಸ್ಪರ್ಧಿ ಕಾಲೇಜಿನವರ ಕಿತಾಪತಿ ಇರಬಹುದೆಂದೂ ಶಂಕಿಸಿದರು. ಭಾಷಣಗಳಾದವು, ಕೇಕೆಗಳಾದವು. ಮತಕ್ಕೆ ಹಾಕಿದಾಗ ಮೂಲೆಯಿಂದ ಒಂದೇ ಒಂದು ‘ಬೇಡ’ ಕೇಳಿಸಿತು. ಆ ಬಡಪಾಯಿಯನ್ನು ಎಲ್ಲರೂ ಮುತ್ತಿ, ಅವನು ‘ಬೇಕು’ ಎನ್ನುವವರೆಗೆ ಬಿಡಲಿಲ್ಲ. ಹೀಗೆ ನಿರ್ಣಯ ಸರ್ವಾನುಮತದ್ದಾಯಿತು.

1847ರ ಅಕ್ಟೋಬರ್ 20ರ ದಿನಾಂಕ ಹೊತ್ತು ಡೀನ್ ಚಾರ್ಲ್ಸ್ ಲೀ ಅವರ ಪತ್ರ ಹೊರಟಿತು. ಅದರೊಡನೆ ವಿದ್ಯಾರ್ಥಿಗಳ ನಿರ್ಣಯದ ಪ್ರತಿ. ಆ ನಿರ್ಣಯದ ಭಾಷೆಯಲ್ಲಿ ಕೇಕೆಯ ಸುಳಿವೂ ಇಲ್ಲ. ಸ್ತ್ರೀಪುರುಷರಿಬ್ಬರಿಗೂ ವಿದ್ಯೆ ಸಲ್ಲುವುದು ಗಣರಾಜ್ಯದ ಮೂಲತತ್ತ್ವವೆಂದೂ, ವಿಜ್ಞಾನದ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿರಬೇಕೆಂದೂ, ಇಲ್ಲಿಗೆ ಬಂದದ್ದಕ್ಕೆ ಆಕೆ ಪಶ್ಚಾತ್ತಾಪ ಪಡುವಂಥ ನಡತೆ ತಮ್ಮಿಂದ ಆಗದೆಂದೂ ಅದರಲ್ಲಿ ಗಂಭೀರವಾಗಿ ಬರೆದಿತ್ತು. ಪತ್ರವನ್ನು ಸೂಕ್ಷ್ಮವಾಗಿ ನೋಡಿದವರಿಗೆ ಡೀನರ ಅಳುಕು ಕಾಣದಿರದು. ವಿದ್ಯಾರ್ಥಿಗಳು ಪ್ರಾಧ್ಯಾಪಕರ ಹಸ್ತಕ್ಷೇಪವಿಲ್ಲದೆ ತಾವಾಗಿಯೇ ನಿರ್ಧರಿಸಿದರು ಎಂದು ಅವರು ಬೇಕೆಂದೇ ಬರೆದಿದ್ದಾರೆ. ಅಂದರೆ ಹೊಣೆ ನಮ್ಮದಲ್ಲ ಎಂದರ್ಥ. ಧ್ವನಿಯನ್ನು ಹುಡುಕುವ ಓದುಗನಿಗೆ ಈ ಒಂದು ವಾಕ್ಯ ಸಾಕು. ಅವನು ಕಾಗದವನ್ನು ಮಡಿಸಿಟ್ಟು, “ಇವರಿಗೆ ನಾನು ಬೇಡ” ಎಂದು ತಿಳಿದುಕೊಳ್ಳುತ್ತಿದ್ದ.

ಬ್ಲ್ಯಾಕ್‌ವೆಲ್ ಅದನ್ನು ವಾಚ್ಯಾರ್ಥದಲ್ಲಿ ಓದಿದಳು. ‘ಬನ್ನಿ’ ಎಂದು ಬರೆದಿದೆ, ಹೊರಟಳು. ನವೆಂಬರ್ 6ರ ರಾತ್ರಿ ಜಿನೀವಾ ತಲುಪಿದಳು. ಆಕೆ ತರಗತಿಗೆ ಕಾಲಿಟ್ಟಾಗ ಗದ್ದಲದ ಆ ಹುಡುಗರೆಲ್ಲ ತಣ್ಣಗಾದರೆಂದು ಸ್ಮಿತ್ ಬರೆಯುತ್ತಾರೆ. ತಮಾಷೆಗೆ ಕೊಟ್ಟ ಮಾತನ್ನು ಆಕೆ ನಿಜವೆಂದು ಹಿಡಿದುಕೊಂಡು ಬಂದದ್ದರಿಂದ, ಅವರೂ ಅದನ್ನು ನಿಜವೆಂದೇ ನಡೆಸಿಕೊಡಬೇಕಾಯಿತು. ಮುಂದೆ ಶರೀರರಚನಾಶಾಸ್ತ್ರದ ಪ್ರಾಧ್ಯಾಪಕ ವೆಬ್‌ಸ್ಟರ್, ಸಂತಾನಾಂಗಗಳ ಪಾಠದಂದು ಆಕೆ ಬಾರದಿದ್ದರೆ ಒಳ್ಳೆಯದೆಂದು ಚೀಟಿ ಕಳುಹಿಸಿದರು. ತನ್ನನ್ನು ಕೇವಲ ಒಬ್ಬ ವಿದ್ಯಾರ್ಥಿಯೆಂದು ಕಾಣಬೇಕು, ಆದರೆ ಸಹಪಾಠಿಗಳೇ ಬೇಡವೆಂದರೆ ದೂರವಿರುತ್ತೇನೆ ಎಂದು ಆಕೆ ಉತ್ತರ ಬರೆದಳು. ವೆಬ್‌ಸ್ಟರ್ ಅದನ್ನು ತರಗತಿಯಲ್ಲಿ ಓದಿದರು, ಹುಡುಗರು ಒಪ್ಪಿದರು. 1849ರ ಜನವರಿ 23ರಂದು ಆಕೆ ಪದವಿ ಪಡೆದಳು, ತರಗತಿಗೇ ಮೊದಲಿಗಳಾಗಿ. ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದ ಮೊದಲ ಮಹಿಳೆ ಆಕೆ.

ಆದರೆ ಕೊಟ್ಟ ಮಾತು ಒಬ್ಬಳಿಗೆ ಮಾತ್ರವೆಂದು ಕಾಲೇಜು ತೋರಿಸಿಕೊಟ್ಟಿತು. ಆಕೆಯ ತಂಗಿ ಎಮಿಲಿ ಅರ್ಜಿ ಹಾಕಿದಾಗ ಅದೇ ಜಿನೀವಾ ನಿರಾಕರಿಸಿತು. ಶಿಕಾಗೋದ ರಷ್ ಕಾಲೇಜು 1852ರಲ್ಲಿ ಎಮಿಲಿಯನ್ನು ಸೇರಿಸಿಕೊಂಡು, ಎರಡನೆಯ ವರ್ಷಕ್ಕೆ ಬೇಡವೆಂದಿತು. ಆಕೆ ಕ್ಲೀವ್‌ಲೆಂಡಿಗೆ ಹೋಗಿ 1854ರಲ್ಲಿ ಪದವಿ ಪಡೆದಳು.

ಎರಡನೆಯ ಪ್ರಸಂಗ ಲಂಡನ್ನಿನದು. ಎಲಿಜಬೆತ್ ಗ್ಯಾರೆಟ್‌ಗೆ ಅಲ್ಲಿಯ ಯಾವ ವೈದ್ಯಕೀಯ ಶಾಲೆಯಲ್ಲೂ ಸ್ಥಾನ ದೊರೆಯಲಿಲ್ಲ. ವೈದ್ಯವೃತ್ತಿಗೆ ಪರವಾನಗಿ ಕೊಡುವ ಅಧಿಕಾರವಿದ್ದ ಸಂಸ್ಥೆಗಳಲ್ಲಿ ಅಪಾಥೆಕರಿಗಳ ಸಂಘವೂ ಒಂದು. ಅಪಾಥೆಕರಿ ಎಂದರೆ ಔಷಧಿ ಕೊಡುತ್ತಿದ್ದ ವೈದ್ಯ. ಆ ಸಂಘದ ಸನದಿನಲ್ಲಿ ಪರೀಕ್ಷೆಗೆ ಕುಳಿತುಕೊಳ್ಳಬಹುದಾದವರನ್ನು ‘ವ್ಯಕ್ತಿಗಳು’ ಎಂದು ಕರೆದಿತ್ತು. ಬರೆದವರ ಮನಸ್ಸಿನಲ್ಲಿದ್ದದ್ದು ಗಂಡಸರೇ ಎಂಬುದು ನಿರ್ವಿವಾದ. ಆದರೆ ಬರೆದದ್ದು ‘ವ್ಯಕ್ತಿಗಳು’. ಹೆಣ್ಣು ವ್ಯಕ್ತಿಯಲ್ಲವೇ? ಖಾಸಗಿಯಾಗಿ ಪಾಠ ಹೇಳಿಸಿಕೊಂಡು, ನಿಯಮಗಳನ್ನೆಲ್ಲ ಪೂರೈಸಿ ಆಕೆ ಪರೀಕ್ಷೆಗೆ ಬಂದಾಗ ಸಂಘ ಹಿಂಜರಿಯಿತು. ನ್ಯಾಯಾಲಯಕ್ಕೆ ಹೋಗುವೆನೆಂದು ತಂದೆ ಗದರಿಸಿದರು. ಸಂಘ ಮಣಿಯಿತು, 1865ರಲ್ಲಿ ಪರವಾನಗಿ ಕೊಟ್ಟಿತು. ಕೂಡಲೇ ನಿಯಮವನ್ನೂ ತಿದ್ದಿತು: ಇನ್ನು ಮುಂದೆ ಖಾಸಗಿ ಪಾಠ ಸಲ್ಲದು, ಮಾನ್ಯತೆ ಪಡೆದ ಶಾಲೆಯಲ್ಲಿಯೇ ಕಲಿತಿರಬೇಕು. ಆ ಶಾಲೆಗಳೋ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಚಾಪೆಯ ಕೆಳಗೆ ತೂರಿದವಳನ್ನು ತಡೆಯಲು ಸಂಘ ರಂಗೋಲಿಯ ಕೆಳಗೆ ತೂರಿತು.

ಮೂರನೆಯ ಕಥೆ ಸೋಫಿಯಾ ಜೆಕ್ಸ್-ಬ್ಲೇಕ್ ಎಂಬಾಕೆಯದು. ನನಗೆ ಹೆಚ್ಚು ಆಶ್ಚರ್ಯ ತಂದದ್ದು ಇದೇ. ಏಕೆಂದರೆ ಇಲ್ಲಿ ಓದಬೇಕಾಗಿದ್ದದ್ದು ಒಪ್ಪಿಗೆಯನ್ನಲ್ಲ, ನಿರಾಕರಣೆಯನ್ನು. 1867ರಲ್ಲಿ ಆಕೆ ಅಮೆರಿಕದ ಹಾರ್ವರ್ಡಿಗೆ ಬರೆದಾಗ, ಈ ವಿಶ್ವವಿದ್ಯಾಲಯದ ಯಾವ ವಿಭಾಗದಲ್ಲೂ ಸ್ತ್ರೀಯರ ಶಿಕ್ಷಣಕ್ಕೆ ಏರ್ಪಾಡಿಲ್ಲವೆಂದು ಉತ್ತರ ಬಂದಿತ್ತು. ಆ ಏರ್ಪಾಡು ಹಾರ್ವರ್ಡಿನ ವೈದ್ಯಕೀಯ ಶಾಲೆಯಲ್ಲಿ ಆದದ್ದು 1945ರಲ್ಲಿ. 1869ರ ವಸಂತದಲ್ಲಿ ಆಕೆ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಳು. ವೈದ್ಯಕೀಯ ವಿಭಾಗ ಒಪ್ಪಿತು. ಪ್ರಾಧ್ಯಾಪಕರ ಸೆನೆಟ್ ಒಪ್ಪಿತು. ಅದಕ್ಕೂ ಮೇಲಿನ ಆಡಳಿತ ಮಂಡಳಿ ತಳ್ಳಿಹಾಕಿತು. ಕೊಟ್ಟ ಕಾರಣ: ಒಬ್ಬ ಮಹಿಳೆಯ ಸಲುವಾಗಿ ತಾತ್ಕಾಲಿಕ ಏರ್ಪಾಡು ಮಾಡಲಾಗದು.

ಇದರ ವ್ಯಂಗ್ಯಾರ್ಥ ಸ್ಪಷ್ಟ: ಹೋಗಿ, ಮತ್ತೆ ಬರಬೇಡಿ. ಜೆಕ್ಸ್-ಬ್ಲೇಕ್ ಓದಿದ್ದು ವಾಚ್ಯಾರ್ಥವನ್ನು. ಅಡ್ಡಿ ಹೆಣ್ಣಾದುದಕ್ಕಲ್ಲ, ಒಬ್ಬಳಾದುದಕ್ಕೆ ಎಂದು ಅವರೇ ಬರೆದುಕೊಟ್ಟಿದ್ದಾರೆ. ಹಾಗಾದರೆ ಒಬ್ಬಳಿಗಿಂತ ಹೆಚ್ಚು ಮಂದಿ ಬಂದರೆ? ಪತ್ರಿಕೆಯ ಮೂಲಕ ಸುದ್ದಿ ಹಬ್ಬಿತು, ಸಂಗಾತಿಗಳು ಕೂಡಿಕೊಂಡರು. ಆ ಬೇಸಗೆಯಲ್ಲೇ ಐವರ ಪರವಾಗಿ ಹೊಸ ಅರ್ಜಿ ಹೋಯಿತು. ತಾನೇ ಕೊಟ್ಟ ಕಾರಣಕ್ಕೆ ಸಿಕ್ಕಿಬಿದ್ದ ಮಂಡಳಿ ಈ ಸಲ ಒಪ್ಪಬೇಕಾಯಿತು. ಅಕ್ಟೋಬರಿನಲ್ಲಿ ಪ್ರವೇಶ ಪರೀಕ್ಷೆಗೆ ಕುಳಿತವರು 152 ಮಂದಿ, ಅವರಲ್ಲಿ ಹೆಂಗಸರು ಐವರು. ಮೊದಲ ಏಳು ಸ್ಥಾನಗಳಲ್ಲಿ ನಾಲ್ಕು ಅವರ ಪಾಲಾದವು. ಮುಂದೆ ಈ ತಂಡ ಏಳಕ್ಕೆ ಬೆಳೆದು ‘ಎಡಿನ್‌ಬರೋದ ಏಳ್ವರು’ ಎಂದು ಚರಿತ್ರೆಯಲ್ಲಿ ನಿಂತಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ವಾಚ್ಯಾರ್ಥದ ಜಯವೆಂದು ನಾನೂ ಮಂಗಳ ಹಾಡಿಬಿಡುತ್ತಿದ್ದೆ. ಆದರೆ ಅನುಮತಿಯ ನಿಯಮಗಳಲ್ಲಿ ಒಂದು ಶಬ್ದವಿತ್ತು. ಸ್ತ್ರೀಯರಿಗೆ ಬೇರೆಯದೇ ತರಗತಿ. ಅದನ್ನು ನಡೆಸಲು ಪ್ರಾಧ್ಯಾಪಕರಿಗೆ ‘ಅನುಮತಿಯುಂಟು’. ನಡೆಸಲೇಬೇಕೆಂದು ಬರೆದಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಸ್ಕಾಟ್ಲೆಂಡಿನಲ್ಲೂ ನಿಜವಾಯಿತು. ರಸಾಯನಶಾಸ್ತ್ರದಲ್ಲಿ ಎಡಿತ್ ಪೀಚಿ ಗಳಿಸಿದ ಹೋಪ್ ವಿದ್ಯಾರ್ಥಿವೇತನವನ್ನು, ಆಕೆ ಬೇರೆಯ ತರಗತಿಯಲ್ಲಿ ಕಲಿತವಳೆಂಬ ನೆಪ ಹೇಳಿ ತಪ್ಪಿಸಿದರು. ಬೇರೆ ಕೂರಿಸಿದವರೂ ಅವರೇ. 1870ರ ನವೆಂಬರ್ 18ರಂದು ಸರ್ಜನ್ಸ್ ಹಾಲ್‌ನಲ್ಲಿ ಪರೀಕ್ಷೆ ಬರೆಯಲು ಹೋದವರ ಮೇಲೆ ಗುಂಪು ಕೆಸರೆರಚಿತು. 1872ರಲ್ಲಿ, ಪದವಿಯ ಬದಲು ಬರಿಯ ಪ್ರಮಾಣಪತ್ರವಾದರೆ ಕೊಡುತ್ತೇವೆಂದರು. ಹೆಂಗಸರು ನ್ಯಾಯಾಲಯಕ್ಕೆ ಹೋದರು. 1873ರಲ್ಲಿ ಹಿರಿಯ ನ್ಯಾಯಾಧೀಶರು ಬಹುಮತದಿಂದ ತೀರ್ಪಿತ್ತರು: ಸ್ತ್ರೀಯರನ್ನು ಸೇರಿಸಿಕೊಳ್ಳುವ ಅಧಿಕಾರವೇ ವಿಶ್ವವಿದ್ಯಾಲಯಕ್ಕೆ ಇರಲಿಲ್ಲ! ನಾಲ್ಕು ವರ್ಷ ಹಿಡಿದು ನಿಂತಿದ್ದ ಕಾಗದ ಒಂದು ದಿನದಲ್ಲಿ ಬಿಳಿಯ ಹಾಳೆಯಾಯಿತು.

ಅಲಂಕಾರಶಾಸ್ತ್ರವೂ ಇದನ್ನು ಬಲ್ಲದು. ಮಾತಿನ ಅರ್ಥವನ್ನು ನಿಶ್ಚಯಿಸುವಾಗ ವಕ್ತೃವಿಶೇಷವನ್ನು, ಎಂದರೆ ಹೇಳುವವನು ಯಾರೆಂಬುದನ್ನು ನೋಡಬೇಕೆಂದು ಮಮ್ಮಟ ಹೇಳುತ್ತಾನೆ. ಕಚೇರಿಯ ಕಾಗದಕ್ಕೆ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಏನು ಬರೆದಿದೆ ಎಂಬುದು ಮೊದಲ ಪ್ರಶ್ನೆ. ಬರೆದವರಿಗೆ ಹಾಗೆ ಬರೆಯುವ ಅಧಿಕಾರವಿದೆಯೇ ಎಂಬುದು ಎರಡನೆಯದು. ಜೆಕ್ಸ್-ಬ್ಲೇಕ್ ಈ ಪಾಠವನ್ನೂ ಕಲಿತಳು. 1874ರಲ್ಲಿ ಲಂಡನ್ನಿನಲ್ಲಿ ಸ್ತ್ರೀಯರದೇ ವೈದ್ಯಕೀಯ ಶಾಲೆಯೊಂದು ಆಕೆಯ ಉದ್ಯಮದಿಂದ ತೆರೆಯಿತು. 1876ರಲ್ಲಿ ಪಾರ್ಲಿಮೆಂಟ್ ಒಂದು ಕಾಯಿದೆ ಮಾಡಿ, ಪರೀಕ್ಷೆ ನಡೆಸುವ ಸಂಸ್ಥೆಗಳಿಗೆ ಸ್ತ್ರೀಯರನ್ನು ಪರೀಕ್ಷಿಸುವ ಅಧಿಕಾರ ಕೊಟ್ಟಿತು. ಅದೂ ಅನುಮತಿಯೇ, ಆಜ್ಞೆಯಲ್ಲ. ಆದರೆ ಐರ್ಲೆಂಡಿನ ವೈದ್ಯರ ಕಾಲೇಜು ಅದನ್ನು ಬಳಸಿಕೊಂಡಿತು. 1877ರಲ್ಲಿ ಜೆಕ್ಸ್-ಬ್ಲೇಕ್ ಮತ್ತು ಪೀಚಿ ಅಲ್ಲಿ ಪರವಾನಗಿ ಪಡೆದರು. ಪೀಚಿ 1883ರ ಕೊನೆಗೆ ಮುಂಬಯಿಗೆ ಬಂದು ಕಾಮಾ ಆಸ್ಪತ್ರೆಯ ಹೊಣೆ ಹೊತ್ತಳು. ಬಾಲ್ಯವಿವಾಹದ ವಿರುದ್ಧ ಹೋರಾಡಿದ ರಖ್ಮಾಬಾಯಿಗೆ ಬೆಂಬಲವಾಗಿ ನಿಂತವರಲ್ಲಿ ಆಕೆಯೂ ಒಬ್ಬಳು. ರಖ್ಮಾಬಾಯಿ ಮುಂದೆ ಲಂಡನ್ನಿನ ಅದೇ ಶಾಲೆಯಲ್ಲಿ ಕಲಿತು ವೈದ್ಯೆಯಾಗಿ ಬಂದರು. ಎಡಿನ್‌ಬರೋ ವಿಶ್ವವಿದ್ಯಾಲಯ ತನ್ನ ಏಳ್ವರಿಗೆ ಮರಣೋತ್ತರ ಗೌರವಪದವಿ ಕೊಟ್ಟದ್ದು 2019ರಲ್ಲಿ. ಅರ್ಜಿ ಹಾಕಿ ನೂರೈವತ್ತು ವರ್ಷಗಳಾದ ಮೇಲೆ.

ಈಗ ನನ್ನ ಕೊಠಡಿಯ ಪ್ರಸಂಗಕ್ಕೆ ಬರುತ್ತೇನೆ. ಕೆಲವು ದಶಕಗಳ ಹಿಂದೆ ಹುಡುಗಿಯೊಬ್ಬಳು ದೂರದ ಊರಿನ ಕಾಲೇಜಿನಿಂದ ಬಂದ ಕಾಗದವನ್ನು ತಂದು ನನ್ನ ಮುಂದಿಟ್ಟಳು. ‘ಸದ್ಯಕ್ಕೆ’ ಸ್ಥಾನ ಖಾಲಿಯಿಲ್ಲವೆಂದು ಅದರಲ್ಲಿತ್ತು. ನಾನು ಧ್ವನಿಶಾಸ್ತ್ರದ ಪಂಡಿತ. “ಇದು ಸೌಜನ್ಯದ ‘ಇಲ್ಲ’ ಅಮ್ಮ, ಬೇರೆ ಏನಾದರೂ ಓದು,” ಎಂದೆ. ಆಕೆ ತಲೆಯಾಡಿಸಿ ಹೋದಳು. ಮರುವಾರದಿಂದ ಬಿ.ಎಸ್‌ಸಿ. ತರಗತಿಯಲ್ಲಿ ಕಾಣಿಸಿಕೊಂಡಳು.

ನನ್ನ ಓದು ಸರಿಯಾಗಿದ್ದಿರಲೂಬಹುದು. ಆದರೆ ‘ಸದ್ಯಕ್ಕೆ’ ಎಂಬ ಶಬ್ದವನ್ನು ಅವರೇ ಬರೆದಿದ್ದರು. ತಿಂಗಳು ಕಳೆದು, “ಸದ್ಯ ಮುಗಿಯಿತೇ?” ಎಂದು ಕೇಳಿ ಒಂದು ಕಾರ್ಡು ಬರೆಯುವ ಹಕ್ಕು ಆ ಹುಡುಗಿಗಿತ್ತು. ಆ ಹಕ್ಕನ್ನು ಅವಳ ಕೈಯಿಂದ ತೆಗೆದವರು ಆ ಕಾಲೇಜಿನವರಲ್ಲ. ಅವಳ ಪರವಾಗಿ ಕಾಗದ ಓದಿದ ನಾನು.