ಹೊರದೇಶದ ಗಾಡಿ ಓಡಿಸೋಕೆ ಒಂದು ಬೂದು ಪುಸ್ತಕ

ಆಫೀಸ್ ಕೆಲಸದ ಮೇಲೆ ಹೊರದೇಶಕ್ಕೆ ಹೊರಟವರು ವೀಸಾ, ಟಿಕೆಟ್, ಶೇಂಗಾ ಚಟ್ನಿಪುಡಿ ಎಲ್ಲ ನೆನಪಿಟ್ಟುಕೊಂಡಿರುತ್ತಾರೆ. ಕೊನೆಗೆ ನೆನಪಾಗೋದು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ಕ್ಲೈಂಟ್ ಆಫೀಸು ಊರ ಹೊರಗಿದ್ದರೆ ಬಾಡಿಗೆ ಕಾರೇ ಗತಿ ನೋಡಿ. ಈ ಪರ್ಮಿಟ್‌ಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ. ಅದರಲ್ಲಿ ಒಂದೆರಡು ಇಸವಿ ಗೊತ್ತಿಲ್ಲದಿದ್ದರೆ ಟೋಕಿಯೋದಲ್ಲಿ ಕಾರಿನ ಕೀಲಿ ಕೈಗೆ ಸಿಗದೇ ಹೋಗಬಹುದು.

ನಮ್ಮ ರಾಮದುರ್ಗದವರಿಗೆ ಗಡಿ ದಾಟೋದು ಹೊಸದೇನಲ್ಲ. 1948ರ ಮಾರ್ಚ್‌ವರೆಗೆ ನಮ್ಮೂರು ಭಾವೆ ಮನೆತನದ ಸಂಸ್ಥಾನ. ವಿಸ್ತೀರ್ಣ 169 ಚದರ ಮೈಲು, ಅಷ್ಟೇ! ಕಾರು ಟಾಪ್ ಗೇರಿಗೆ ಬರುವಷ್ಟರಲ್ಲಿ ಸಂಸ್ಥಾನ ಮುಗಿಯುತ್ತಿತ್ತು ಅನ್ನಿ :) ಆ ಕಡೆ ಸವದತ್ತಿ, ಈ ಕಡೆ ಬಾದಾಮಿ, ಎರಡೂ ಬ್ರಿಟಿಷರ ಮುಂಬೈ ಪ್ರಾಂತ. ಮುಧೋಳ ಘೋರ್ಪಡೆಯವರದು. ಪಕ್ಕದ ತೊರಗಲ್ಲು ಕೊಲ್ಲಾಪುರದ ಕೈಕೆಳಗಿನ ಜಹಗೀರು. ಇನ್ನು ಬೆಳಗಾವಿ ದಾಟಿ ಘಟ್ಟ ಇಳಿದರೆ ಗೋವಾ, 1961ರ ಡಿಸೆಂಬರ್‌ವರೆಗೆ ನಿಜವಾದ ಪರದೇಶ. (ಅಂದ ಹಾಗೆ, ಪೋರ್ಚುಗಲ್ 1928ರಲ್ಲಿ ರಸ್ತೆಯ ಬಲಕ್ಕೆ ಹೊರಳಿತು. ಗೋವಾ ಮಾತ್ರ ಎಡದಲ್ಲೇ ಉಳಿಯಿತು. ಪಕ್ಕದ ನೆಲ ನೋಡಿಕೊಂಡೇ ಗಾಡಿ ಓಡಿಸಬೇಕಲ್ಲ!)

ಹೀಗೆ ಒತ್ತೊತ್ತಾಗಿ ಗಡಿಗಳಿದ್ದ ಇನ್ನೊಂದು ಜಾಗ ಯುರೋಪ್. ಕಾರು ಬಂದ ಮೇಲೆ ಪ್ರತಿ ಗಡಿಯಲ್ಲೂ ಗಾಡಿ ತಪಾಸಣೆ, ಚಾಲಕನ ಪರೀಕ್ಷೆ ಅಂದರೆ ಯಾರಿಗೆ ಬೇಕು? 1909ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಕೆಲವು ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಆಗ ಗಾಡಿಗೂ ಚಾಲಕನಿಗೂ ಸೇರಿ ಒಂದೇ ಪತ್ರ. 1926ರಲ್ಲಿ ಪ್ಯಾರಿಸ್‌ನಲ್ಲೇ ಆದ ಎರಡನೇ ಒಪ್ಪಂದ ಅವೆರಡನ್ನೂ ಬೇರೆ ಮಾಡಿತು. ಚಾಲಕನ ಪಾಲಿಗೆ ಬಂದದ್ದೇ ಇವತ್ತಿನ ಪರ್ಮಿಟ್‌ನ ಅಜ್ಜ.

ಆಮೇಲೆ 1949ರ ಸೆಪ್ಟೆಂಬರ್ 19ರ ಜಿನೀವಾ ಒಪ್ಪಂದ. ಬೂದು ರಟ್ಟು, ಒಳಗೆ ಬಿಳಿ ಹಾಳೆ, ಒಂದು ವರ್ಷದ ಅವಧಿ, ಕೊನೆಯ ಪುಟ ಫ್ರೆಂಚಿನಲ್ಲಿ. ನಮ್ಮ ಲೈಸೆನ್ಸಿನಲ್ಲಿ ಇರೋದನ್ನೇ ಬೇರೆ ಬೇರೆ ಭಾಷೆಯಲ್ಲಿ ಹೇಳುವ ಅನುವಾದದ ಪುಸ್ತಕ ಇದು. ಹಾಗಾಗಿ ಮೂಲ ಲೈಸೆನ್ಸ್ ಜೊತೆಗಿಲ್ಲದೆ ಇದನ್ನೊಂದೇ ತೋರಿಸಿದರೆ ನಡೆಯೋದಿಲ್ಲ. ತಮಾಷೆ ಏನೆಂದರೆ 1926ರ ಪುಸ್ತಕದಲ್ಲಿ 'ಎ' ಅಂದರೆ ಕಾರು, 'ಸಿ' ಅಂದರೆ ಬೈಕು. 1949ರಲ್ಲಿ 'ಎ' ಬೈಕಾಯಿತು, 'ಬಿ' ಕಾರಾಯಿತು, 'ಸಿ' ಲಾರಿ! ಹಳೇ ವರ್ಷನ್ ಜೊತೆ ಹೊಂದಾಣಿಕೆ ಇಲ್ಲದ ಸಾಫ್ಟ್‌ವೇರ್ ಬಿಡುಗಡೆ ಮಾಡೋದು ನಾವು ಮಾತ್ರ ಅಲ್ಲ ಅಂತ ಸಮಾಧಾನ ಆಯ್ತು.

1968ರಲ್ಲಿ ವಿಯೆನ್ನಾದಲ್ಲಿ ಇನ್ನೊಂದು ಒಪ್ಪಂದ ಬಂತು. ತೊಡಕು ಶುರುವಾಗಿದ್ದೇ ಇಲ್ಲಿಂದ. ಎಲ್ಲ ದೇಶಗಳೂ ಹೊಸದಕ್ಕೆ ಬರಲಿಲ್ಲ. ಜಪಾನ್ ಮಾನ್ಯ ಮಾಡೋದು 1949ರ ಪರ್ಮಿಟ್ ಒಂದನ್ನೇ. ಜರ್ಮನಿ ಇರೋದು 1968ರದರಲ್ಲಿ. ಹಾಗಾಗಿ ಆಟೋಬಾನ್ ಕಟ್ಟಿದ ದೇಶದವನು ತನ್ನ ಪರ್ಮಿಟ್ ಹಿಡಿದು ಜಪಾನಿಗೆ ಹೋದರೆ ಅದು ನಡೆಯೋದಿಲ್ಲ, ಲೈಸೆನ್ಸಿನ ಜಪಾನಿ ಅನುವಾದ ಮಾಡಿಸಬೇಕು. ಭಾರತ ಎರಡರಲ್ಲೂ ಇದೆ, 1949ರದಕ್ಕೆ 1962ರಲ್ಲಿ ಸೇರಿತು, 1968ರದಕ್ಕೆ 1980ರಲ್ಲಿ. ನಮ್ಮಲ್ಲಿ ಕೊಡೋದು ಜಿನೀವಾ ಒಪ್ಪಂದದ ಪ್ರಕಾರದ ಪರ್ಮಿಟ್.

ಆದರೆ ನಮ್ಮದೇ ಒಂದು ಗೋಳಿತ್ತು. ಒಂದೊಂದು ರಾಜ್ಯದ್ದು ಒಂದೊಂದು ಅಳತೆ, ಒಂದೊಂದು ಬಣ್ಣ. ಹೊರದೇಶದ ಪೊಲೀಸರು ಅನುಮಾನ ಪಟ್ಟರೆ ತಪ್ಪು ಅವರದಲ್ಲ ಬಿಡಿ. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಒಂದೇ ನಮೂನೆ ಅಂತ ಅಧಿಸೂಚನೆ ಹೊರಡಿಸಿತು, ಲೈಸೆನ್ಸಿಗೆ ಕೊಂಡಿ ಹಾಕುವ ಕ್ಯೂಆರ್ ಕೋಡ್ ಸಮೇತ. ಅದಕ್ಕೂ ಮುಂಚೆ, 2021ರ ಜನವರಿಯಲ್ಲಿ, ಅರ್ಜಿ ಹಾಕುವಾಗಲೇ ವೀಸಾ ಇರಬೇಕೆಂಬ ನಿಯಮ ತೆಗೆದುಹಾಕಿದ್ದರು. ಪರದೇಶದಲ್ಲಿದ್ದಾಗ ಅವಧಿ ಮುಗಿದರೆ ಅಲ್ಲಿನ ನಮ್ಮ ರಾಯಭಾರ ಕಚೇರಿಯ ಮೂಲಕವೇ ಅರ್ಜಿ ಹಾಕಬಹುದು ಅನ್ನೋದೂ ಆಗ ಬಂದದ್ದೇ.

ರಾಮದುರ್ಗದ ವಿಳಾಸದವರಿಗೆ ಆರ್‌ಟಿಓ ಅಂದರೆ ರಾಮದುರ್ಗದ್ದೇ, ಕೆಎ-69. ಅರ್ಜಿ ನಮೂನೆ 4ಎ. ಪುಸ್ತಕ ಕೈಗೆ ಬಂದ ಕೂಡಲೇ ರಟ್ಟಿನ ಮೇಲೆ 1949ರ ಒಪ್ಪಂದದ ಹೆಸರು ಇದೆಯಾ ಅಂತ ನೋಡಿಕೊಳ್ಳಿ. ಚೀನಾಕ್ಕೆ ಹೊರಟವರಾದರೆ ಅದನ್ನೂ ನೋಡೋ ಕಷ್ಟ ಬೇಡ, ಅಲ್ಲಿ ಈ ಪುಸ್ತಕ ನಡೆಯೋದೇ ಇಲ್ಲ.