ಗುಬ್ಬಿಯ ಸೀಮೆಯಲ್ಲಿ ಆತ್ಮದ ವ್ಯವಸಾಯ

ತುಮಕೂರಿನಿಂದ ಹೊರಟು ಗುಬ್ಬಿಯನ್ನು ಹಾದು ತಿಪಟೂರಿನ ಕಡೆಗೆ ಸಾಗುವ ಹಾದಿಯಲ್ಲಿ, ತೆಂಗು ಅಡಕೆಗಳ ತೋಟಗಳ ನಡುವೆ ಎದುರಾಗುವ ನಿಟ್ಟೂರಿನಲ್ಲಿ, ಹೊಯ್ಸಳರ ಕಾಲದ ಶಾಂತಿನಾಥ ಬಸದಿಯೊಂದು ನಿಂತಿರುವುದಷ್ಟೆ. ದೇಹವು ಅಳಿಯತಕ್ಕದ್ದು, ಜೀವವು ಉಳಿಯತಕ್ಕದ್ದು, ಆದುದರಿಂದ ಉಳಿಯತಕ್ಕದ್ದನ್ನು ತಪಸ್ಸಿನಿಂದ ಶೋಧಿಸಿ ಕರ್ಮರಜವನ್ನು ಕಳೆಯಬೇಕೆಂಬ ಬೋಧೆಯು ಆ ಕಲ್ಲಿನ ನೆರಳಿನಲ್ಲಿ ಎಷ್ಟು ತಲೆಮಾರುಗಳ ಕಿವಿಗೆ ಬಿದ್ದಿತೋ! ಮುಂದೆ ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ‘ಭಾವಚಿಂತಾರತ್ನ’ವನ್ನೂ 1530ರಲ್ಲಿ ‘ವೀರಶೈವಾಮೃತ ಪುರಾಣ’ವನ್ನೂ ರಚಿಸಿದನು, ಕುಣಿಗಲಿನ ಕಡೆಯ ಎಡೆಯೂರಿನಲ್ಲಿ ನೆಲೆಗೊಂಡ ತೋಂಟದ ಸಿದ್ಧಲಿಂಗಯತಿಗಳು, ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಜೀವನು ಏರಬೇಕಾದ ಆರು ಮೆಟ್ಟಿಲುಗಳನ್ನು ತಮ್ಮ ವಚನಗಳಲ್ಲಿ ವಿವರಿಸಿದರು. ಕ್ರೈಸ್ತಬೋಧಕರು ಈ ಸೀಮೆಗೆ ಬಂದಾಗ, ಅವರು ಕಾಲಿಟ್ಟ ನೆಲವು ಆತ್ಮವಿಚಾರದಲ್ಲಿ ಬೀಳುಬಿದ್ದ ಹೊಲವಾಗಿರಲಿಲ್ಲವೆಂಬುದನ್ನು ಮೊದಲು ನೆನೆಯಬೇಕು.

ಅವರು ಬಂದುದು 1837ರ ಸುಮಾರಿಗೆ. ಮೈಸೂರು ಸೀಮೆಯ ಆಡಳಿತವು ಇಂಗ್ಲಿಷರ ಕಮಿಷನರರ ಕೈಯಲ್ಲಿದ್ದ ಆ ಕಾಲದಲ್ಲಿ, ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿನ ಥಾಮಸ್ ಹಾಡ್ಸನ್ನನು, ಬೆಂಗಳೂರಿನ ದಂಡು ಪ್ರದೇಶದಲ್ಲಿ ಕುಳಿತು ಕನ್ನಡಿಗರ ಹೃದಯವನ್ನು ಮುಟ್ಟಲಾಗದೆಂದು ಕಂಡುಕೊಂಡು, ಸಂತೆಗೆ ಹೆಸರಾದ ಗುಬ್ಬಿಯನ್ನು ತನ್ನ ಕಾರ್ಯಕ್ಕೆ ಆರಿಸಿಕೊಂಡನು. 1839ರಲ್ಲಿ ಐರ್ಲೆಂಡಿನಿಂದ ವಿಲಿಯಂ ಆರ್ಥರ್ ಎಂಬ ಇಪ್ಪತ್ತು ವರ್ಷದ ತರುಣನು ಬಂದು ಅವನೊಡನೆ ಸೇರಿದನು. ಸಂತೆಗೆ ಬಂದವರು ಹೊರೆಯಿಳಿಸಿ ಕುಳಿತ ಹೊತ್ತಿನಲ್ಲಿ, ಪರದೇಶದ ಹುಡುಗನೊಬ್ಬನು ಅವರದೇ ನುಡಿಯಲ್ಲಿ ನಿತ್ಯಜೀವದ ಮಾತನ್ನು ಎತ್ತಿದಾಗ ಅವರಿಗೆ ಏನೆನಿಸಿರಬೇಕು!

ಆ ಮಾತಿನಲ್ಲಿ ತೊಡಕೂ ಇದ್ದಿತು. ಮನುಷ್ಯನು ಹೊಸದಾಗಿ ಹುಟ್ಟಬೇಕೆಂಬುದು ಕ್ರಿಸ್ತನ ಉಪದೇಶದ ಒಂದು ತಿರುಳು. ಆದರೆ ಜನ್ಮಜನ್ಮಾಂತರಗಳ ಬಳಲಿಕೆಯಿಂದ ಬಿಡುಗಡೆಯನ್ನೇ ಪರಮಪುರುಷಾರ್ಥವೆಂದು ಬಗೆದಿದ್ದ ಜನಕ್ಕೆ, ಮತ್ತೊಮ್ಮೆ ಹುಟ್ಟಬೇಕೆಂಬುದು ಶುಭವಾರ್ತೆಯಾಗಿ ಕೇಳಿಸುವುದು ಸುಲಭವಲ್ಲ. ಒಂದೇ ಜನ್ಮ, ಅದರೊಳಗೇ ಅಂತರಂಗದ ಎರಡನೆಯ ಹುಟ್ಟು, ಆ ಹುಟ್ಟಿನ ಬಳಿಕ ಶಿಶುವಿನಂತೆ ಬೆಳವಣಿಗೆ, ಮರಣದ ಆಚೆಗೂ ಅಳಿಯದ ಬಾಳು: ಇಷ್ಟನ್ನೂ ಬಿಡಿಸಿ ಹೇಳುವುದಕ್ಕೆ ಬೋಧಕನಿಗೆ ಇದ್ದ ಸಾಧನವೆಂದರೆ ಆತ್ಮ, ಪ್ರಾಣ, ರಕ್ಷಣೆ, ಪರಿಶುದ್ಧತೆ ಮೊದಲಾದ, ಹಿಂದಿನವರು ಬಳಸಿ ನುಣುಪಾಗಿಸಿದ್ದ ಶಬ್ದಗಳೇ. ಇಂಗ್ಲಿಷ್ ಲೇಖಕ ಬನಿಯನ್ನನ ಯಾತ್ರಿಕನ ಕಥೆಯು ಕನ್ನಡಕ್ಕೆ ಇಳಿದು ಬಂದಾಗ ‘ಯಾತ್ರಿಕನ ಸಂಚಾರ’ವೆಂಬ ಹೆಸರನ್ನು ಪಡೆದುದು ನನಗೆ ಬಹಳ ಸಮಂಜಸವಾಗಿ ತೋರುತ್ತದೆ, ಬೆನ್ನಿನ ಮೇಲೆ ಹೊರೆ ಹೊತ್ತು ದೂರದ ಪುಣ್ಯನಗರಿಗೆ ನಡೆಯುವವನ ಚಿತ್ರವು ಜಾತ್ರೆಗೆ ಕಾಲ್ನಡೆಯಲ್ಲಿ ಹೋಗುವ ಜನಕ್ಕೆ ವ್ಯಾಖ್ಯಾನವಿಲ್ಲದೆ ಅರ್ಥವಾಗತಕ್ಕದ್ದು.

ಗುಬ್ಬಿಗೆ ಬಂದ ಮೆಥಡಿಸ್ಟ್ ಪಂಥದ ವೈಶಿಷ್ಟ್ಯವೂ ಹೊಸ ಹುಟ್ಟಿನ ಬಳಿಕದ ಈ ಬೆಳವಣಿಗೆಯಲ್ಲಿಯೇ ಇದೆ. ಪಾಪಕ್ಷಮೆಯು ದೊರೆತಲ್ಲಿಗೆ ಕೆಲಸವು ಮುಗಿಯಲಿಲ್ಲ, ಅಲ್ಲಿಂದ ಅದು ಆರಂಭವಾಯಿತೆಂಬುದು ಆ ಪಂಥದ ಮೂಲಪುರುಷ ಜಾನ್ ವೆಸ್ಲಿಯ ದೃಢವಾದ ನಂಬಿಕೆ. ದೇವರ ಕೃಪೆಯು ಬೀಜದಂತೆ ಬಿದ್ದು, ಪ್ರೀತಿಯು ಹೃದಯವನ್ನೆಲ್ಲ ತುಂಬುವ ತನಕ ಬೆಳೆಯಬೇಕು. ಆ ತುಂಬುವಿಕೆಯನ್ನೇ ಅವನು ಪರಿಪೂರ್ಣತೆಯೆಂದು ಕರೆದು, 1766ರಲ್ಲಿ ಅದರ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿದನು. ಈ ವಿಚಾರವು ಅವನಿಂದ ಹುಟ್ಟಿದುದಲ್ಲ. ಮನುಷ್ಯನನ್ನು ದೇವರು ಕೂಸಿನಂತೆ ಸೃಷ್ಟಿಸಿ ತನ್ನ ಸಾರೂಪ್ಯಕ್ಕೆ ಮೆಲ್ಲಮೆಲ್ಲನೆ ಬೆಳೆಸುತ್ತಾನೆಂದು ಎರಡನೆಯ ಶತಮಾನದ ಐರೇನಿಯಸನು ಹೇಳಿದ್ದನು. ನಾಲ್ಕನೆಯ ಶತಮಾನದ ನಿಸ್ಸಾದ ಗ್ರೆಗರಿಯು ಇನ್ನೂ ಮುಂದೆ ಹೋಗಿ, ದೇವರು ಅನಂತನಾದುದರಿಂದ ಆತನೆಡೆಗೆ ಆತ್ಮದ ಏರಿಕೆಯೂ ಅನಂತವೆಂದು, ನಿತ್ಯತ್ವದಲ್ಲಿಯೂ ಅದು ನಿಲ್ಲದೆಂದು ಪ್ರತಿಪಾದಿಸಿದ್ದನು. ಪೂರ್ವದೇಶದ ಇಂತಹ ಪ್ರಾಚೀನಾಚಾರ್ಯರನ್ನು ವೆಸ್ಲಿಯು ಭಕ್ತಿಯಿಂದ ಓದಿದ್ದವನು. ಮೆಟ್ಟಿಲು ಮೆಟ್ಟಿಲಾಗಿ ಏರುವ ಷಟ್‌ಸ್ಥಲದ ನೆಲದಲ್ಲಿ ಈ ಬೋಧೆಯು ತೀರ ಅಪರಿಚಿತವಾಗಿ ತೋರಿರಲಾರದು. ಭೇದವು ಮಾತ್ರ ಸಣ್ಣದಲ್ಲ: ಅಲ್ಲಿ ಕೊನೆಗೆ ಶಿವನೂ ಜೀವನೂ ಒಂದಾಗುವ ಲಿಂಗಾಂಗ ಸಾಮರಸ್ಯ, ಇಲ್ಲಿ ಕೊನೆಯವರೆಗೂ ಪ್ರೀತಿಸುವವನೂ ಪ್ರೀತಿಸಲ್ಪಡುವವನೂ ಬೇರೆಯಾಗಿಯೇ ಉಳಿಯುವ ಸಹವಾಸ.

ನಂಬಿಕೆಯನ್ನು ನಿತ್ಯದ ಅಭ್ಯಾಸಕ್ಕೆ ತರುವ ಉಪಾಯವೂ ಮೆಥಡಿಸ್ಟರಲ್ಲಿದ್ದಿತು. 1742ರಲ್ಲಿ ಬ್ರಿಸ್ಟಲ್ ನಗರದ ಪ್ರಾರ್ಥನಾಮಂದಿರದ ಸಾಲವನ್ನು ತೀರಿಸುವುದಕ್ಕಾಗಿ, ಸದಸ್ಯರನ್ನು ಹನ್ನೆರಡು ಹನ್ನೆರಡು ಮಂದಿಯ ಗುಂಪುಗಳಾಗಿ ವಿಂಗಡಿಸಿ, ವಾರಕ್ಕೊಂದು ಪೆನ್ನಿಯಂತೆ ವಂತಿಗೆ ಎತ್ತಲು ಒಬ್ಬೊಬ್ಬ ನಾಯಕನನ್ನು ಗೊತ್ತುಮಾಡಿದರು. ಕಾಸಿಗಾಗಿ ಮನೆಮನೆಗೆ ಹೋದ ನಾಯಕನಿಗೆ ಅವರ ಕಷ್ಟಸುಖಗಳೂ, ಕುಡಿತ ಜಗಳಗಳೂ ಕಣ್ಣಿಗೆ ಬಿದ್ದವು. ಸಾಲದ ಲೆಕ್ಕವು ಆತ್ಮದ ಲೆಕ್ಕವಾಗಿ ಪರಿಣಮಿಸಿತು. ಈ ವಾರ ನಿನ್ನ ಆತ್ಮದ ಯೋಗಕ್ಷೇಮವೇನೆಂದು ಒಬ್ಬರನ್ನೊಬ್ಬರು ಕೇಳುವ ಈ ‘ಕ್ಲಾಸ್ ಮೀಟಿಂಗ್’ ಪದ್ಧತಿಯು ಮೆಥಡಿಸ್ಟ್ ಬೋಧಕರು ಹೋದೆಡೆಗೆಲ್ಲ ಅವರ ಜೊತೆಯಲ್ಲಿ ಹೋಯಿತು. ಬೇಸಾಯಗಾರನು ಪೈರನ್ನು ದಿನವೂ ನೋಡಿಬರುವಂತೆ ಅಂತರಂಗವನ್ನೂ ನೋಡಿಕೊಳ್ಳಬೇಕೆಂಬುದು ಅದರ ಆಶಯ. ಸಾಧನೆಯು ಗುಹೆಯಲ್ಲಿ ಅಲ್ಲ, ನೆರೆಹೊರೆಯವರ ನಡುವೆ.

ಆರ್ಥರನ ಆರೋಗ್ಯವು ಬಹುಬೇಗ ಕೆಟ್ಟಿತು. ಕಣ್ಣು ಸೋತು, 1841ರಲ್ಲಿಯೇ ಅವನು ಸ್ವದೇಶಕ್ಕೆ ಹಿಂದಿರುಗಬೇಕಾಯಿತು. 1847ರಲ್ಲಿ ಮೈಸೂರಿನ ತನ್ನ ಅನುಭವಗಳನ್ನು ಬರೆದನು; 1856ರಲ್ಲಿ ‘ದಿ ಟಂಗ್ ಆಫ್ ಫೈರ್’ ಎಂಬ ಗ್ರಂಥದಲ್ಲಿ, ಪವಿತ್ರಾತ್ಮನು ಒಳಗೆ ಉರಿಯದೆ ಮಾನವನ ಯಾವ ಪ್ರಯತ್ನವೂ ಆತ್ಮವನ್ನು ಬೆಳೆಸದೆಂದು ಸಾರಿದನು. ಆ ಪುಸ್ತಕವು ಸಾಗರಗಳ ಎರಡು ದಡಗಳಲ್ಲಿಯೂ ಬಹುಕಾಲ ಓದಿಸಿಕೊಂಡಿತು. ಗುಬ್ಬಿಯಲ್ಲಿ ಕೆಲವೇ ಕಾಲ ಮಾಡಿದ ಕೆಲಸದ ತಾಪವು ಅದರಲ್ಲಿ ಇದೆಯೆಂದು ನನ್ನ ನಂಬಿಕೆ.

ಹಾಡ್ಸನ್ನನ ನೆನಪು ಬೇರೆಯ ರೂಪವನ್ನು ತಾಳಿತು. 1877ರಲ್ಲಿ, ಭೀಕರವಾದ ಬರಗಾಲವು ಈ ಸೀಮೆಯ ಹಳ್ಳಿಗಳನ್ನು ಬರಿದುಮಾಡುತ್ತಿದ್ದ ಹೊತ್ತಿನಲ್ಲಿ, ಅವನು ಪ್ರಕಟಿಸಿದುದು ಮತಶಾಸ್ತ್ರವನ್ನಲ್ಲ. ಗುಬ್ಬಿಯ ಸುತ್ತಿನ ಒಬ್ಬ ಮುದುಕನ ಚರಿತ್ರೆಯನ್ನು. ‘ಓಲ್ಡ್ ಡೇನಿಯಲ್’ ಎಂಬುದು ಅದರ ಹೆಸರು. ಅರಸರಿಗೆ ಶಾಸನವಿದ್ದಿತು, ಶಿವಶರಣರಿಗೆ ಪುರಾಣವಿದ್ದಿತು. ಕ್ರೈಸ್ತನಾಗಿ ಮುದುಕನಾದ ಒಬ್ಬ ಹಳ್ಳಿಗನ ಬಾಳನ್ನು, ಗ್ರಾಮಜೀವನದ ವರ್ಣನೆಯ ನಡುವೆಯೇ ಇಟ್ಟು, ಆ ಬೋಧಕನು ಅಚ್ಚಿಗೆ ಕೊಟ್ಟನು.